ಓದುಗರ ಪ್ರಶ್ನೆ: ಭೀಮೆಯ ಮೀನಿನಲ್ಲಿ ಎಷ್ಟು ಬೆಕೆರೆಲ್?

ಕೆರೆ, ಹೊಳೆ, ಜಲಾಶಯದ ಮೀನುಗಳಲ್ಲಿ ವಿಕಿರಣಶೀಲತೆ ಅಳೆಯುವ ಬಗ್ಗೆ ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಥರದವನ್ನು ಕೂಡಿಸಿದ್ದೇವೆ.

ಪ್ರಶ್ನೆ: ನಮ್ಮದು ಗೋಗಿ ಹತ್ತಿರದ ಹಳ್ಳಿ. ಇಲ್ಲಿ ನೆಲದಾಗ ಯುರೇನಿಯಂ ಅದ ಅಂತ ಎಲ್ಲರಿಗೂ ಗೊತ್ತು. ನಮ್ಮೂರ ಕೆರಿ ಮೀನ ತಿನ್ನಬಹುದೇನ್ರಿ? ಮಕ್ಕಳಿಗೆ ಕೊಡಬಹುದಾ?
(ಶಹಾಪುರ ತಾಲ್ಲೂಕಿನ ಓದುಗರು)

ಉತ್ತರ: ಕಲ್ಲಿನಲ್ಲಿರುವುದೆಲ್ಲ ನೀರಿಗೆ ಬರುವುದಿಲ್ಲ, ನೀರಿಗೆ ಬಂದದ್ದೆಲ್ಲ ಮೀನಿಗೆ ಹತ್ತುವುದಿಲ್ಲ. ಗೋಗಿಯಲ್ಲಿ ಸುಣ್ಣದಕಲ್ಲೂ ಅದರಡಿಯ ಗ್ರಾನೈಟೂ ಸೀಳಿದ ಜಾಗದಲ್ಲಿ ಯುರೇನಿಯಂ ಅದಿರು ಇರುವುದು ನಿಜ. ಆದರೆ ಸಿಹಿನೀರಿನ ಮೀನಿನ ಮಾಂಸಕ್ಕೆ ಯುರೇನಿಯಂ ಸೇರುವುದು ಬಹಳ ಕಡಿಮೆ. ಒಂದು ಲೀಟರ್ ನೀರಿನಲ್ಲಿ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ಒಂದು ಕಿಲೋ ಮಾಂಸದಲ್ಲೂ ಸಿಗುತ್ತದೆ. ಅಣುಬಾಂಬು, ಅಣುಸ್ಥಾವರದ ಅವಘಡಗಳಿಂದ ಹರಡುವ ಸೀಸಿಯಂ ಆಗಿದ್ದರೆ ಇದೇ ಅನುಪಾತ ಸಾವಿರಗಟ್ಟಲೆ ಏರುತ್ತಿತ್ತು.

ಲೆಕ್ಕ ಹಾಕಿ ನೋಡಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ. ಕೆರೆ ನೀರಿನಲ್ಲೂ ಅಷ್ಟೇ ಇದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 10 ಕಿಲೋ ಮೀನು ತಿಂದರೆ ಒಳಹೋಗುವುದು 300 ಮೈಕ್ರೋಗ್ರಾಂ. ಅದೇ ನೀರನ್ನು ದಿನಕ್ಕೆ 2 ಲೀಟರ್ ಕುಡಿದರೆ ವರ್ಷಕ್ಕೆ ಸುಮಾರು 22,000 ಮೈಕ್ರೋಗ್ರಾಂ. ಎಪ್ಪತ್ತು ಪಟ್ಟಿಗೂ ಹೆಚ್ಚು! ಹಾಗಾಗಿ ನಿಮ್ಮೂರಲ್ಲಿ ಮೊದಲು ಪರೀಕ್ಷೆಗೆ ಹೋಗಬೇಕಾದ್ದು ಮೀನಲ್ಲ, ಕುಡಿಯುವ ಬೋರ್‌ವೆಲ್ ನೀರು. ಬೋರ್‌ವೆಲ್ ನೀರು ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತಿರುತ್ತದೆ, ಕೆರೆಯದು ಮಳೆ ನೀರು. ಪಂಪ್ ಹತ್ತು ನಿಮಿಷ ಓಡಿದ ಮೇಲೆ, ಅರ್ಧ ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿಸಿ. ಯುರೇನಿಯಂ ಮೂತ್ರಪಿಂಡಕ್ಕೆ ಮಾಡುವ ಕೇಡು ವಿಕಿರಣಕ್ಕಿಂತ ಹೆಚ್ಚಾಗಿ ರಾಸಾಯನಿಕವಾದದ್ದು. ಆದ್ದರಿಂದ ವರದಿಯನ್ನು ಮೈಕ್ರೋಗ್ರಾಂನಲ್ಲಿ ಕೇಳಿ ಪಡೆಯಿರಿ.

ಮೀನನ್ನೂ ಪರೀಕ್ಷಿಸಲೇಬೇಕು ಎನ್ನುವುದಾದರೆ ಯುರೇನಿಯಂ ಒಡೆಯುತ್ತ ಹೋದಂತೆ ಸಾಲಾಗಿ ಹುಟ್ಟುವ ಮರಿಧಾತುಗಳನ್ನು ಹುಡುಕಬೇಕು: ಮುಳ್ಳಿನಲ್ಲಿ ರೇಡಿಯಂ-226, ಕರುಳು ಮತ್ತು ಯಕೃತ್ತಿನಲ್ಲಿ ಪೊಲೋನಿಯಂ-210. ರೇಡಿಯಂ ಕ್ಯಾಲ್ಸಿಯಂನ ಹಿಂದೆಯೇ ಹೋಗಿ ಮೂಳೆ ಸೇರುತ್ತದೆ. ಸುಣ್ಣದಕಲ್ಲಿನ ಸೀಮೆಯ ನೀರು ಗಡಸು. ಅದರಲ್ಲಿ ಕ್ಯಾಲ್ಸಿಯಂ ಸಾಕಷ್ಟಿರುವುದರಿಂದ ಮೀನು ರೇಡಿಯಂ ಹೀರುವುದು ತಗ್ಗುತ್ತದೆ, ಇದು ನಿಮ್ಮ ಪಾಲಿನ ಅನುಕೂಲ. ನೆಲದಲ್ಲಿ ಅದಿರಿದೆ ಎಂಬ ಒಂದೇ ಕಾರಣಕ್ಕೆ ಮಕ್ಕಳ ತಟ್ಟೆಯಿಂದ ಮೀನು ತೆಗೆಯಬೇಕಿಲ್ಲ. ಮುಳ್ಳು, ಕರುಳು ತೆಗೆದು ಕೊಡಿ.

ಪ್ರಶ್ನೆ: ಆನ್‌ಲೈನಿನಲ್ಲಿ ನಾಲ್ಕೈದು ಸಾವಿರಕ್ಕೆ ಗೈಗರ್ ಮೀಟರ್ ಸಿಗುತ್ತದೆ. ಅದನ್ನು ತಂದು ಮಾರ್ಕೆಟ್ಟಿನ ಮೀನಿನ ಮೇಲೆ ಹಿಡಿದರೆ ಗೊತ್ತಾಗುವುದಿಲ್ಲವೆ?
(ಕಲಬುರಗಿ)

ಉತ್ತರ: ಗೊತ್ತಾಗುವುದಿಲ್ಲ. ಇಂಥ ಸಣ್ಣ ಕೊಳವೆಯ ಮೀಟರ್ ಸುಮ್ಮನೆ ಮೇಜಿನ ಮೇಲಿದ್ದರೂ ನಿಮಿಷಕ್ಕೆ 20–30 ಎಣಿಕೆ ತೋರಿಸುತ್ತದೆ. ಅದು ಮಣ್ಣು, ಗೋಡೆ, ಆಕಾಶದಿಂದ ಬರುವ ಹಿನ್ನೆಲೆ. ಈ ಎಣಿಕೆಯೇ ಐದಾರರಷ್ಟು ತಾನಾಗಿ ಏರಿಳಿಯುತ್ತದೆ. ಒಂದು ಕಿಲೋ ಮೀನಿನ ಮಾಂಸದಲ್ಲಿ ಹುಟ್ಟಿನಿಂದಲೇ ಇರುವ ಪೊಟ್ಯಾಸಿಯಂ-40 ಸುಮಾರು 100 ಬೆಕೆರೆಲ್, ಅಂದರೆ ಸೆಕೆಂಡಿಗೆ 100 ವಿಘಟನೆ. ಅವುಗಳಲ್ಲಿ ಗಾಮಾ ಕಿರಣ ಹೊಮ್ಮುವುದು ಹನ್ನೊಂದಕ್ಕೂ ಕಡಿಮೆ. ಬೀಟಾ ಕಣಗಳು ಮಾಂಸದಲ್ಲೇ ಕೆಲವು ಮಿಲಿಮೀಟರಿನೊಳಗೆ ನಿಂತುಬಿಡುತ್ತವೆ. ಮೀಟರಿಗೆ ನಿಮಿಷಕ್ಕೆ ಒಂದೆರಡು ಎಣಿಕೆ ಕೂಡಿದರೆ ಅದೇ ಹೆಚ್ಚು, ಅದೂ ಆ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ. ನಿಜವಾಗಿ ಲೆಕ್ಕಕ್ಕೆ ಬರುವ ಪೊಲೋನಿಯಂನದು ಆಲ್ಫಾ ಕಣ. ಅದು ಕೊಳವೆಯ ಗಾಜನ್ನೇ ದಾಟುವುದಿಲ್ಲ.

ಮೀಟರ್ ‘ಹೆಚ್ಚು’ ತೋರಿಸಿತೆಂದು ವಿಡಿಯೋ ಹಾಕುವವರು ಮೀನನ್ನು ಯಾವುದರ ಮೇಲಿಟ್ಟಿದ್ದರೆಂದು ಗಮನಿಸಿ. ಗ್ರಾನೈಟ್ ಕಟ್ಟೆಯ ಮೇಲೆ ಮೀಟರಿನ ಅಂಕಿ ಏರುತ್ತದೆ, ಶಹಾಬಾದಿ ಫರಸಿಯ ಮೇಲೆ ಇಳಿಯುತ್ತದೆ. ಸುಣ್ಣದಕಲ್ಲಿಗಿಂತ ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಮೂರೂ ಸಾಮಾನ್ಯವಾಗಿ ಹೆಚ್ಚು. ಅಲ್ಲಿ ಅಳೆದದ್ದು ಕಟ್ಟೆಯನ್ನು. ಇನ್ನೊಂದು ಮಾತು: ಪೇಟೆಯಲ್ಲಿ ಐಸಿನ ಡಬ್ಬದಲ್ಲಿ ಬರುವ ರೋಹು, ಕಾಟ್ಲಾ ಎಷ್ಟೋ ಸಲ ಆಂಧ್ರದ ಹೊಂಡಗಳಲ್ಲಿ ಮೇವು ಹಾಕಿ ಬೆಳೆಸಿದವು. ಅವು ಭೀಮೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪ್ರಶ್ನೆ: ನಾನು ಭೌತಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿ. ಭೀಮಾ ಮತ್ತು ಬೆಣ್ಣೆತೊರಾ ಮೀನುಗಳ ಮೇಲೆ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಮಾದರಿ ಎಷ್ಟು ಬೇಕು, ತಯಾರಿ ಹೇಗೆ, ಎಲ್ಲಿ ತಪ್ಪುತ್ತದೆ?
(ಕಲಬುರಗಿ)

ಉತ್ತರ: ಹೆಚ್ಚಿನವರು ಎಡವುವುದು ಉಪಕರಣದ ಮುಂದೆ ಅಲ್ಲ, ಮೀನು ಕೊಯ್ಯುವ ಹಲಗೆಯ ಮೇಲೆ. ಅದಕ್ಕೇ ಅಲ್ಲಿಂದ ಶುರುಮಾಡೋಣ.

ಬಲೆ ಎಳೆಯುವವರ ಕೈಯಿಂದಲೇ, ದಂಡೆಯಲ್ಲೇ ಮೀನು ಕೊಳ್ಳಿ. ಒಂದು ಮಾದರಿಗೆ ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ಗಾತ್ರದ ಐದಾರು ಕಿಲೋ ಮೀನು ಬೇಕು. ಅದರಿಂದ ಎರಡೂವರೆ ಕಿಲೋ ಮಾಂಸ ಸಿಗುತ್ತದೆ. ಜಾತಿ ಆರಿಸುವಾಗ ಅದರ ಮೇವಿನ ಕಡೆ ಲಕ್ಷ್ಯವಿರಲಿ: ಮೇಲ್ನೀರಿನ ಕಾಟ್ಲಾ, ತಳ ಕೆದಕುವ ಮೃಗಾಲ್, ಬೇರೆ ಮೀನು ನುಂಗುವ ಕೊರಮೀನು, ಹೀಗೆ ಮೂರಾದರೂ ಇದ್ದರೆ ಹೋಲಿಕೆಗೆ ಅರ್ಥ ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆಯಿರಿ. ಅದೇ ಜಾಗದ ನೀರು, ತಳದ ಮಣ್ಣು ಎರಡನ್ನೂ ಅದೇ ದಿನ ತುಂಬಿಕೊಳ್ಳಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಎರಡು ಪಾಲಿಥೀನ್ ಚೀಲಗಳ ನಡುವೆ ಇಡಿ. ಮಾರ್ಕರ್ ಪೆನ್ನಿನ ಶಾಯಿ ಐಸ್ ನೀರಿಗೆ ಅಳಿಸಿಹೋಗಿ, ಕೊನೆಗೆ ಯಾವ ಚೀಲ ಎಲ್ಲಿಯದೆಂದು ತಿಳಿಯದೆ ಇಡೀ ದಿನದ ಕೆಲಸ ಹಾಳಾಗುತ್ತದೆ. ಫಾರ್ಮಲಿನ್ ಬೇಡವೇ ಬೇಡ, ಐಸ್ ಸಾಕು.

ಮೃಗಾಲ್ ಹೊಟ್ಟೆಯಲ್ಲಿ ಕೆಸರು ತುಂಬಿರುತ್ತದೆ. ಆ ಕೆಸರಿನಲ್ಲಿರುವ ರೇಡಿಯಂ, ಥೋರಿಯಂ ಮಾಂಸದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು. ಕರುಳು ಹರಿದು ಅದರ ಒಂದು ಚಿಟಿಕೆ ಮಾಂಸಕ್ಕೆ ತಾಗಿದರೂ ಫಲಿತಾಂಶ ಕೆಸರಿನದ್ದಾಗುತ್ತದೆ. ಆದ್ದರಿಂದ ಮೊದಲು ಮೈ ತೊಳೆದು ಹುರುಪೆ ತೆಗೆಯಿರಿ, ಹೊಟ್ಟೆ ಬಿಚ್ಚುವ ಮೊದಲೇ ಬೆನ್ನಿನ ಕಡೆಯಿಂದ ಮಾಂಸ ಬಿಡಿಸಿ, ಕರುಳಿಗೆ ಬೇರೆ ಚಾಕು, ಬೇರೆ ಹಲಗೆ ಇಡಿ. ಮುಳ್ಳು ಸುಲಭವಾಗಿ ಬಿಡಲೆಂದು ಮೀನು ಕುದಿಸುವವರಿದ್ದಾರೆ. ಹಾಗೆ ಮಾಡಿದರೆ ಸೀಸಿಯಂ, ಪೊಟ್ಯಾಸಿಯಂ ನೀರಿಗಿಳಿದು ಹೋಗುತ್ತವೆ. ಹಸಿಯಾಗಿಯೇ ಬಿಡಿಸಿ. ಮಾಂಸ, ಮುಳ್ಳು, ಕರುಳು–ಯಕೃತ್ತು ಮೂರೂ ಬೇರೆ ಬೇರೆ ತೂಗಿ ಬರೆದಿಟ್ಟುಕೊಳ್ಳಿ. ಈ ಹಸಿ ತೂಕ ತಪ್ಪಿಸಿಕೊಂಡರೆ ಮುಂದಿನದೆಲ್ಲ ವ್ಯರ್ಥ.

ಇಲ್ಲಿ ದಾರಿ ಎರಡಾಗುತ್ತದೆ. ಪೊಲೋನಿಯಂಗಾಗಿ ನೂರು ಗ್ರಾಂ ಹಸಿ ಮಾಂಸ ಪ್ರತ್ಯೇಕ ತೆಗೆದಿಡಿ. ಅದನ್ನು 60–70 ಡಿಗ್ರಿಯಲ್ಲೇ ಒಣಗಿಸಬೇಕು, ಬಿಸಿ ಹೆಚ್ಚಾದರೆ ಪೊಲೋನಿಯಂ ಆವಿಯಾಗಿ ಹೋಗುತ್ತದೆ. ಬೂದಿ ಮಾಡಿದ ಮೀನಿನಲ್ಲಿ ಪೊಲೋನಿಯಂ ಅಳೆದೆವೆಂದು ಯಾರಾದರೂ ಹೇಳಿದರೆ ಆ ಅಂಕಿಯನ್ನು ನಂಬಬೇಡಿ.

ಉಳಿದ ಮಾಂಸ ಗಾಮಾ ಅಳತೆಗೆ. 105–110 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ. ಎರಡೂವರೆ ಕಿಲೋ ಹಸಿಯದು ಸುಮಾರು 600 ಗ್ರಾಂಗೆ ಬರುತ್ತದೆ. ಅದನ್ನು ಪಿಂಗಾಣಿ ಬಟ್ಟಲಲ್ಲಿ ಫ್ಯೂಮ್ ಹುಡ್ ಕೆಳಗೆ ಹಾಟ್‌ಪ್ಲೇಟಿನ ಮೇಲಿಟ್ಟು ಹೊಗೆ ನಿಲ್ಲುವವರೆಗೆ ಕಪ್ಪಗೆ ಕರಕಲು ಮಾಡಿ. ಆಮೇಲಷ್ಟೇ ಮಫಲ್ ಫರ್ನೇಸ್. ಗಂಟೆಗೆ 50 ಡಿಗ್ರಿಯಂತೆ ಏರಿಸುತ್ತ 400ರ ಆಚೀಚೆ ನಿಲ್ಲಿಸಿ. ಅವಸರ ಮಾಡಿದರೆ ಕೊಬ್ಬು ಒಳಗೇ ಹೊತ್ತಿ ಉರಿಯುತ್ತದೆ, ಬೂದಿ ಹಾರುತ್ತದೆ. 450 ದಾಟಿದರೆ ಸೀಸಿಯಂ ಕಳೆದುಕೊಳ್ಳುತ್ತೀರಿ. ಒಂದು ರಾತ್ರಿಗೆ ಬಿಳಿ ಬೂದಿ ಬರಲಿಲ್ಲವೆಂದರೆ ಬಿಸಿ ಏರಿಸಬೇಡಿ. ತಣ್ಣಗಾದ ಮೇಲೆ ಕೆಲವು ಹನಿ ನೈಟ್ರಿಕ್ ಆಮ್ಲ ಹಾಕಿ, ಆರಿಸಿ, ಮತ್ತೆ ಇಡಿ. ಕೊನೆಗೆ ಸಿಗುವುದು ಸುಮಾರು 30 ಗ್ರಾಂ ಬೂದಿ. ಅದು ಉಪ್ಪಿನಂತೆ ತೇವ ಎಳೆಯುತ್ತದೆ. ಡೆಸಿಕೇಟರಿನಿಂದ ತೆಗೆದ ಕೂಡಲೇ ತೂಗದಿದ್ದರೆ ಮಳೆಗಾಲದಲ್ಲಿ ತಕ್ಕಡಿಯ ಅಂಕಿ ಕಣ್ಣೆದುರೇ ಏರುತ್ತ ಹೋಗುತ್ತದೆ.

ಬೂದಿಯನ್ನು ಸಣ್ಣ ಡಬ್ಬಿಗೆ ಕಂಠಮಟ್ಟ ತುಂಬಿ ಅಂಟಿನಿಂದ ಮುಚ್ಚಳ ಬಿಗಿದು ನಾಲ್ಕು ವಾರ ಬಿಡಿ. ರೇಡಿಯಂ-226ನ್ನು ನಾವು ಅಳೆಯುವುದು ಅದರ ಮೊಮ್ಮಕ್ಕಳಾದ ಸೀಸ-214 (352 ಕಿಲೋ ಎಲೆಕ್ಟ್ರಾನ್ ವೋಲ್ಟ್) ಮತ್ತು ಬಿಸ್ಮತ್-214 (609) ಗೆರೆಗಳಿಂದ, ಅಂದರೆ ಅವು ಹೊಮ್ಮಿಸುವ ಗೊತ್ತಾದ ಶಕ್ತಿಯ ಗಾಮಾ ಕಿರಣಗಳಿಂದ. ನಡುವೆ ಇರುವ ರೇಡಾನ್ ಅನಿಲ, ಅರ್ಧಾಯುಷ್ಯ 3.8 ದಿನ. ಡಬ್ಬಿ ಸೋರಿದರೆ ರೇಡಿಯಂ ಕಡಿಮೆ ತೋರುತ್ತದೆ. ತೆಳು ಪ್ಲಾಸ್ಟಿಕ್ ಡಬ್ಬಿ ಸೋರುವುದು ಸಾಮಾನ್ಯ. 186ರ ನೇರ ಗೆರೆಯನ್ನು ನೆಚ್ಚಬೇಡಿ, ಯುರೇನಿಯಂ-235 ಅಲ್ಲೇ ಕೂತಿರುತ್ತದೆ.

ಡಿಟೆಕ್ಟರ್ ಎಚ್‌ಪಿಜಿಇ, ಅಂದರೆ ಅತಿಶುದ್ಧ ಜರ್ಮೇನಿಯಂನದೇ ಇರಲಿ. ಸೋಡಿಯಂ ಅಯೋಡೈಡ್ ಪೊಟ್ಯಾಸಿಯಂಗೆ ಸಾಕು. ಆದರೆ 662ರ ಸೀಸಿಯಂ ಗೆರೆಯನ್ನು 609ರ ಬಿಸ್ಮತ್‌ನಿಂದ ಬೇರ್ಪಡಿಸುವಷ್ಟು ಸೂಕ್ಷ್ಮ ಅದಕ್ಕಿಲ್ಲ, ಇಲ್ಲದ ಸೀಸಿಯಂ ಹುಟ್ಟಿಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಜರ್ಮೇನಿಯಂನಲ್ಲೂ ಬಿಸ್ಮತ್-214ರ 665ರ ಸಣ್ಣ ಗೆರೆ ಪಕ್ಕದಲ್ಲಿರುವುದು ನೆನಪಿರಲಿ. ದಕ್ಷತೆ (ಹೊಮ್ಮಿದ ಕಿರಣಗಳಲ್ಲಿ ಡಿಟೆಕ್ಟರ್ ಎಣಿಸುವ ಪಾಲು) ತೆಗೆಯಲು ಪ್ರಮಾಣಿತ ಮಾದರಿ ನಿಮ್ಮ ಬೂದಿಯಂಥದೇ ಡಬ್ಬಿಯಲ್ಲಿ, ಅಷ್ಟೇ ಎತ್ತರಕ್ಕೆ ತುಂಬಿರಬೇಕು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಐಎಇಎ-414 ಮೀನಿನ ಪುಡಿಯೇ ಆಗಿರುವುದರಿಂದ ನಿಮ್ಮ ವಿಧಾನ ಸರಿಯಿದೆಯೇ ಎಂದು ತಾಳೆ ನೋಡಲು ಹೇಳಿಮಾಡಿಸಿದ್ದು. ದುಬಾರಿಯಲ್ಲದ ಇನ್ನೊಂದು ತಾಳೆ: ಶುದ್ಧ ಪೊಟ್ಯಾಸಿಯಂ ಕ್ಲೋರೈಡ್. ಗ್ರಾಂಗೆ ಸುಮಾರು 16 ಬೆಕೆರೆಲ್, ಮಾಪನಾಂಕಕ್ಕೆ ಇದಕ್ಕಿಂತ ಸೋವಿಯಾದ್ದು ಇಲ್ಲ.

ಎಣಿಕೆಯ ಅವಧಿ 60,000 ಸೆಕೆಂಡ್ ಇಡಿ. ಖಾಲಿ ಡಬ್ಬಿಯನ್ನೂ ಅಷ್ಟೇ ಹೊತ್ತು ಎಣಿಸಿ ಹಿನ್ನೆಲೆ ಕಳೆಯಿರಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ರೇಡಾನ್ ಏರಿ ಆ ಹಿನ್ನೆಲೆಯೇ ದಿನದಿಂದ ದಿನಕ್ಕೆ ಬದಲಾಗುತ್ತದೆ. ಒಂದೇ ಹಿನ್ನೆಲೆಯನ್ನು ಇಡೀ ವರ್ಷ ಬಳಸಿದರೆ ಮೀನಿನ ರೇಡಿಯಂ ಎಂದು ಬರೆದದ್ದು ಕೋಣೆಯ ರೇಡಾನ್ ಆಗಿರಬಹುದು.

ಲೆಕ್ಕ ಸರಳ: ನಿವ್ವಳ ಎಣಿಕೆಯನ್ನು ಸಮಯ, ದಕ್ಷತೆ, ಗಾಮಾ ಪಾಲು (ವಿಘಟನೆಗಳಲ್ಲಿ ಆ ಗಾಮಾ ಕಿರಣ ಹೊಮ್ಮುವ ಭಾಗ), ಹಸಿ ತೂಕ ಈ ನಾಲ್ಕರ ಗುಣಲಬ್ಧದಿಂದ ಭಾಗಿಸಿ. ಪೊಟ್ಯಾಸಿಯಂನ 1461ರ ಗೆರೆಯಲ್ಲಿ ನಿವ್ವಳ 24,000 ಎಣಿಕೆ, ದಕ್ಷತೆ ಶೇ. 1.5, ಗಾಮಾ ಪಾಲು 0.107, ತೂಕ 2.5 ಕಿಲೋ ಎಂದಾದರೆ ಉತ್ತರ ಕಿಲೋಗೆ ಸುಮಾರು 100 ಬೆಕೆರೆಲ್. ಮೀನಿನ ಮಾಂಸಕ್ಕೆ ಬರಬೇಕಾದ್ದೇ ಅಷ್ಟು. 30 ಅಥವಾ 300 ಬಂದರೆ ಮೀನನ್ನು ದೂರಬೇಡಿ, ತೂಕದ ಪುಸ್ತಕ ತೆಗೆದು ನೋಡಿ. ಸೀಸಿಯಂಗೆ ಗೆರೆಯಡಿಯ ಹಿನ್ನೆಲೆ 400 ಎಣಿಕೆ ಇದ್ದರೆ, ಅದರ ವರ್ಗಮೂಲ 20ನ್ನು 4.65ರಿಂದ ಗುಣಿಸಿ 2.71 ಕೂಡಿಸಿ: 96 ಎಣಿಕೆ. ದಕ್ಷತೆ ಶೇ. 3, ಗಾಮಾ ಪಾಲು 0.85 ಹಿಡಿದರೆ ನಿಮ್ಮ ಪತ್ತೆ ಮಿತಿ, ಅಂದರೆ ಕಂಡುಹಿಡಿಯಬಲ್ಲ ಅತಿ ಕಡಿಮೆ ಪ್ರಮಾಣ, ಕಿಲೋಗೆ 0.025 ಬೆಕೆರೆಲ್. ಬೂದಿ ಮಾಡುವ ಇಷ್ಟೆಲ್ಲ ಪಾಡು ಈ ಮಿತಿಯನ್ನು ಕೆಳಗಿಳಿಸಲಿಕ್ಕೇ.

ಪೊಲೋನಿಯಂಗೆ ಒಣಗಿಸಿಟ್ಟದ್ದರಲ್ಲಿ ಐದರಿಂದ ಹತ್ತು ಗ್ರಾಂ ತೆಗೆದುಕೊಂಡು, ನಡುವೆ ಎಷ್ಟು ಕಳೆದುಹೋಯಿತೆಂಬ ಲೆಕ್ಕ ಸಿಗಲೆಂದು ಗೊತ್ತಿರುವಷ್ಟು ಪೊಲೋನಿಯಂ-209 ಸೇರಿಸಿ, ನೈಟ್ರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನಿಧಾನವಾಗಿ ಕರಗಿಸಿ. ಕುದಿಸಿ ಬತ್ತಿಸಬೇಡಿ. ನಂತರ 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತಂದು ಆಸ್ಕಾರ್ಬಿಕ್ ಆಮ್ಲ ಹಾಕಿ. ಕಬ್ಬಿಣದ ಹಳದಿ ಬಣ್ಣ ಹೋಗುವವರೆಗೆ ಹಾಕಬೇಕು, ಇಲ್ಲವಾದರೆ ಪೊಲೋನಿಯಂ ಬದಲು ಕಬ್ಬಿಣ ಬೆಳ್ಳಿಗೆ ಅಡ್ಡಬರುತ್ತದೆ. ಒಂದು ಮುಖ ಮುಚ್ಚಿದ ಬೆಳ್ಳಿ ಬಿಲ್ಲೆಯನ್ನು 80–90 ಡಿಗ್ರಿಯಲ್ಲಿ ಕಲಕುತ್ತ ನಾಲ್ಕಾರು ಗಂಟೆ ಬಿಟ್ಟರೆ ಪೊಲೋನಿಯಂ ತಾನೇ ಅದರ ಮೇಲೆ ಕೂಡುತ್ತದೆ. ಬಿಲ್ಲೆಯನ್ನು ಆಲ್ಫಾ ಸ್ಪೆಕ್ಟ್ರೋಮೀಟರಿನಲ್ಲಿ ಎಣಿಸಿ. ಅರ್ಧಾಯುಷ್ಯ 138 ದಿನ, ಆದ್ದರಿಂದ ಮೀನು ಹಿಡಿದ ದಿನಾಂಕಕ್ಕೆ ತಿದ್ದಬೇಕು. ಫ್ರೀಜರಿನಲ್ಲಿ ವರ್ಷ ಇಟ್ಟ ಮೀನಿನಲ್ಲಿ ಸೀಸ-210ರಿಂದ ಹೊಸದಾಗಿ ಹುಟ್ಟಿದ ಪೊಲೋನಿಯಂ ಬೆರೆತು ಲೆಕ್ಕ ಕೆಡುತ್ತದೆ. ಈ ಕೆಲಸಕ್ಕೆ ರಾಜ್ಯದೊಳಗೆ ಅನುಭವವಿರುವ ಕಡೆಗಳಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಪರಿಸರ ವಿಕಿರಣಶೀಲತೆ ಸಂಶೋಧನಾ ಕೇಂದ್ರ ಒಂದು. ಮಾರ್ಗದರ್ಶಕರ ಮೂಲಕ ಮೊದಲೇ ಬರೆದು ಕೇಳಿ.

ಪ್ರಶ್ನೆ: ಕೈಗಾ ಅಣುಸ್ಥಾವರದ ನೀರು ನಮ್ಮ ಕಾರಂಜಾ, ಮಾಂಜ್ರಾ ಮೀನಿಗೆ ಬರುತ್ತದೆಯೆ?
(ಭಾಲ್ಕಿ)

ಉತ್ತರ: ಇಲ್ಲ. ಕೈಗಾ ಇರುವುದು ಕಾಳಿ ನದಿಯ ದಂಡೆಯಲ್ಲಿ, ಕಾಳಿ ಕಾರವಾರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ನಿಮ್ಮ ಮಾಂಜ್ರಾ ಗೋದಾವರಿಗೆ ಹೋಗುವ ನದಿ. ಆದರೂ ಎಲ್ಲಿಯ ಮೀನಿನಲ್ಲೇ ಹುಡುಕಿದರೂ ಚೂರುಪಾರು ಸೀಸಿಯಂ-137 ಸಿಗಬಹುದು. 1950–60ರ ದಶಕದ ಬಾಂಬ್ ಪರೀಕ್ಷೆಗಳ ಉಳಿಕೆ ಅದು, ಅರ್ಧಾಯುಷ್ಯ 30 ವರ್ಷ.

ಪ್ರಶ್ನೆ: ನಮ್ಮ ಶಾಲಾ ವಿಜ್ಞಾನ ಸಂಘದಿಂದ ಮೀನು ಕಳಿಸಿ ವರದಿ ತರಿಸಿದೆವು. ‘ಪೊಟ್ಯಾಸಿಯಂ-40: ಕಿಲೋಗೆ 390 ಬೆಕೆರೆಲ್. ಸೀಸಿಯಂ-137: ಪತ್ತೆಯಾಗಿಲ್ಲ’ ಎಂದಿದೆ. ಜಪಾನಿನ ಮಿತಿ 100 ಎಂದು ಓದಿದ್ದೇವೆ. ನಾಲ್ಕು ಪಟ್ಟು ಹೆಚ್ಚಾಯಿತಲ್ಲ?
(ಸೇಡಂ, ಶಿಕ್ಷಕರು)

ಉತ್ತರ: ಆ 100 ಸೀಸಿಯಂನ ಮಿತಿ. ಫುಕುಶಿಮಾ ದುರಂತದ ನಂತರ 2012ರ ಏಪ್ರಿಲ್‌ನಿಂದ ಜಪಾನ್ ಸಾಮಾನ್ಯ ಆಹಾರಕ್ಕೆ ಹಾಕಿದ್ದು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಾರ್ಗಸೂಚಿಯಲ್ಲಿ ಅದೇ ಸೀಸಿಯಂಗೆ 1000 ಇದೆ. ಚೆರ್ನೋಬಿಲ್ ಆದ ಮರುವರ್ಷ, 1987ರಲ್ಲಿ, ಸ್ವೀಡನ್ ತನ್ನ ಕೆರೆ ಮೀನುಗಳಿಗೆ 1500 ಇಟ್ಟಿತು. ಸ್ಕ್ಯಾಂಡಿನೇವಿಯಾದ ಕೆರೆಗಳ ನೀರಿನಲ್ಲಿ ಪೊಟ್ಯಾಸಿಯಂ ತೀರ ಕಡಿಮೆ, ಹಾಗಾಗಿ ಮೀನು ಅದೇ ಗುಣದ ಸೀಸಿಯಂ ಎಳೆದುಕೊಳ್ಳುತ್ತದೆ. ಸಿಹಿನೀರಿನ ಮೀನಿಗೆ ಸಮುದ್ರದ ಮೀನಿಗಿಂತ ಸೀಸಿಯಂ ಹೆಚ್ಚು ಹತ್ತುವುದೂ ಇದೇ ಕಾರಣಕ್ಕೆ.

ಪೊಟ್ಯಾಸಿಯಂ-40ಕ್ಕೆ ಮಿತಿಯೇ ಇಲ್ಲ, ಇಡುವುದರಲ್ಲಿ ಅರ್ಥವೂ ಇಲ್ಲ. ನಮ್ಮ ದೇಹ ಪೊಟ್ಯಾಸಿಯಂ ಮಟ್ಟವನ್ನು ತಾನೇ ಕಾಯ್ದುಕೊಳ್ಳುತ್ತದೆ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ವಯಸ್ಕರೊಬ್ಬರ ಮೈಯಲ್ಲೇ ನಾಲ್ಕು ಸಾವಿರಕ್ಕೂ ಮಿಕ್ಕಿ ಬೆಕೆರೆಲ್ ಪೊಟ್ಯಾಸಿಯಂ-40 ಸದಾ ಇರುತ್ತದೆ.

ಇನ್ನು 390. ಅದು ಬಹುಮಟ್ಟಿಗೆ ಒಣ ತೂಕದ ಅಂಕಿ. ಮೀನಿನ ಮಾಂಸದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ನೂರು ಗ್ರಾಂ ಹಸಿಯದು 24 ಗ್ರಾಂ ಒಣಗಿದರೆ, 390ನ್ನು 0.24ರಿಂದ ಗುಣಿಸಿ: 94. ಎಲ್ಲ ಮೀನಿನಂತೆ ಅದೂ ಒಂದು ಮೀನು. ಪ್ರಯೋಗಾಲಯಕ್ಕೆ ಎರಡು ಪ್ರಶ್ನೆ ಬರೆದು ಕಳಿಸಿ. ಅಂಕಿ ಹಸಿ ತೂಕಕ್ಕೋ ಒಣ ತೂಕಕ್ಕೋ? ‘ಪತ್ತೆಯಾಗಿಲ್ಲ’ ಎಂದರೆ ಎಷ್ಟಕ್ಕಿಂತ ಕಡಿಮೆ? ಪತ್ತೆ ಮಿತಿ 0.1 ಇದ್ದರೆ ಆ ಮಾತಿಗೆ ಬೆಲೆಯಿದೆ. 20 ಇದ್ದರೆ ಅದು ಅಳತೆಯೇ ಅಲ್ಲ.

ಪ್ರಶ್ನೆ: ಮೀನು ತೊಳೆದು, ಹುಣಸೆಹುಳಿ ಹಾಕಿ ಕುದಿಸಿದರೆ ವಿಕಿರಣ ಹೋಗುತ್ತದೆಯೆ? ನಮ್ಮಲ್ಲಿ ಸಣ್ಣ ಮೀನನ್ನು ಮುಳ್ಳು ಸಮೇತ ಹುರಿದು ತಿನ್ನುತ್ತಾರೆ.
(ಸುರಪುರ, ಗೃಹಿಣಿ)

ಉತ್ತರ: ಕುದಿಸಿದರೆ ಏನೂ ನಾಶವಾಗುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೇ. ಸೀಸಿಯಂ ಸಾರಿಗಿಳಿಯುತ್ತದೆ, ಸಾರನ್ನು ನಾವು ರೊಟ್ಟಿ, ಅನ್ನದ ಜೊತೆ ಉಣ್ಣುತ್ತೇವೆ. ಹುಳಿ ರುಚಿಗೆ ಮಾತ್ರ.

ಮನೆಯಲ್ಲಿ ಮಾಡಬಹುದಾದ ನಿಜವಾದ ಕೆಲಸ ಹೊಟ್ಟೆ ತೆಗೆಯುವುದು. ಮೀನಿನಿಂದ ಮೈಗೆ ಬರುವ ವಿಕಿರಣದ ಡೋಸಿನಲ್ಲಿ ದೊಡ್ಡ ಪಾಲು ಪೊಲೋನಿಯಂನದು, ಅದು ಸೇರುವುದು ಕರುಳು, ಯಕೃತ್ತಿನಲ್ಲಿ. ಒಂದು ಬೆಕೆರೆಲ್ ಪೊಲೋನಿಯಂ ನುಂಗಿದರೆ ವಯಸ್ಕರಿಗೆ 1.2 ಮೈಕ್ರೋಸೀವರ್ಟ್ (ಮೈಗೆ ತಾಗುವ ಡೋಸಿನ ಅಳತೆ), ಸೀಸಿಯಂ-137 ಆದರೆ 0.013. ಕಿಲೋಗೆ ಒಂದು ಬೆಕೆರೆಲ್ ಪೊಲೋನಿಯಂ ಇರುವ ಮೀನನ್ನು ವರ್ಷಕ್ಕೆ 10 ಕಿಲೋ ತಿಂದರೆ 12 ಮೈಕ್ರೋಸೀವರ್ಟ್. ನೆಲ, ಗಾಳಿ, ಆಕಾಶ, ಆಹಾರದಿಂದ ಸಹಜವಾಗಿ ಬರುವುದೆಲ್ಲ ಸೇರಿ ಜಗತ್ತಿನ ಸರಾಸರಿ ಡೋಸ್ ವರ್ಷಕ್ಕೆ 2400. ಆದ್ದರಿಂದ ಹೆದರಿಕೆಯ ಮಾತಿಲ್ಲ. ಆದರೆ ಒಂದೆರಡು ವರ್ಷದ ಮಗುವಿಗೆ ಅದೇ ಒಂದು ಬೆಕೆರೆಲ್ 8.8 ಮೈಕ್ರೋಸೀವರ್ಟ್ ಆಗುತ್ತದೆ. ಸಣ್ಣ ಮೀನನ್ನು ಇಡಿಯಾಗಿ ಹುರಿಯುವಾಗ ಕಿವಿರಿನ ಕೆಳಗೆ ಉಗುರಿನಿಂದ ಚಿವುಟಿ, ಹೊಟ್ಟೆಯನ್ನು ಬಾಲದ ಕಡೆಯಿಂದ ಒತ್ತಿದರೆ ಕರುಳು ಪೂರಾ ಹೊರಗೆ ಬರುತ್ತದೆ. ಎರಡು ನೀರಿನಲ್ಲಿ ತೊಳೆದು ಹುರಿಯಿರಿ, ಕ್ಯಾಲ್ಸಿಯಂ ಬೇಕಾದವರು ಮುಳ್ಳು ಸಮೇತ ತಿನ್ನಲಿ.